ನಮ್ಮನೆ ಸೋಫಾ ಕಲಿಸಿದ ಕುಣಿತ

ಈ ಜಗತ್ತಿನಲ್ಲಿ ನನಗೆ ಬಾರದ ವಿದ್ಯೆ ಯಾವುದೂ ಇಲ್ಲ. ಕಲಿಯಲು ಪುರುಸೊತ್ತು ಸಿಕ್ಕಿಲ್ಲ, ಅಷ್ಟೆ. ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕೋತ್ಸವದ ಜೋಡಿ ನೃತ್ಯ ಸ್ಪರ್ಧೆಗೆ ಈ ಸಲ ನಾವೂ ಇಳಿಯುತ್ತೇವೆಂದು ಘೋಷಿಸಿದ್ದು ಈ ಧೈರ್ಯದಿಂದಲೇ.

ಹೆಂಡತಿ ಮಡಚುತ್ತಿದ್ದ ಟವೆಲ್ ಕೆಳಗಿಟ್ಟಳು. "ತಮಾಷೆ ಅಲ್ಲ ತಾನೆ? ಪ್ರತಿ ವರ್ಷ ಅಕ್ಕ, ಭಾವ ಕುಣೀತಾರೆ. ನಾನು ಅವಳ ಬ್ಯಾಗ್ ಹಿಡ್ಕೊಂಡು ಕೂತಿರ್ತೀನಿ. ಒಂದು ಸಲವಾದ್ರೂ ಅವಳು ನನ್ನ ಬ್ಯಾಗ್ ಹಿಡ್ಕೋಬೇಕು, ರೀ."

"ಹಿಡ್ಕೊಂಡ್ಲು ಅಂತಲೇ ತಿಳ್ಕೋ!"

ಅಕ್ಕನ ಮನೆ ಮೇಲಿನ ಮಹಡಿಯಲ್ಲೇ. ಗುಟ್ಟು ರಟ್ಟಾಗದಿರಲೆಂದು ಕಿಟಕಿ ಮುಚ್ಚಿ, ಮೊಬೈಲನ್ನು ಗೋಡೆಗೆ ಒರಗಿಸಿ, ಹಾಲ್‌ನಲ್ಲಿ ಅಭ್ಯಾಸ ಶುರುಮಾಡಿದೆವು. ಹಾಲ್ ಎನ್ನುವುದು ಗೌರವದ ಮಾತು. ಈ ಕಡೆ ಸೋಫಾ, ಆ ಕಡೆ ಫ್ರಿಜ್, ಮೇಲೆ ಬಟ್ಟೆ ಒಣಗಿಸುವ ಹಗ್ಗ, ಅದರಿಂದ ಮುಖಕ್ಕೆ ತಾಗುವಂತೆ ನೇತಾಡುವ ಒದ್ದೆ ಟವೆಲ್. ಉಳಿದ ಜಾಗದಲ್ಲಿ ಸಂಸಾರ. ವಿಡಿಯೊದ ಜೋಡಿ ಹಂಸಗಳಂತೆ ತೇಲುತ್ತಿತ್ತು. ನಾವು ತೇಲಿದರೆ ಮೊಣಕಾಲಿಗೆ ಸೋಫಾ!

"ಇದನ್ನ ಸರಿಸೋಣ್ವಾ?"

"ಸರಿಸಿದ್ರೆ ಬಾಗಿಲು ತೆಗೆಯೋಕಾಗಲ್ಲ. ಸುಮ್ನೆ ಕಾಲೆತ್ತಿ."

ಎತ್ತಿದೆ. ಹಗ್ಗ ಬಂದಲ್ಲಿ ಇಬ್ಬರೂ ತಲೆ ತಗ್ಗಿಸಿದೆವು. ತಾನಾಗಿ ತೆರೆದುಕೊಳ್ಳುವ ಫ್ರಿಜ್ಜಿನ ಬಾಗಿಲನ್ನು ಹೆಂಡತಿ ತಿರುಗುತ್ತಲೇ ಸೊಂಟದಿಂದ ಮುಚ್ಚಿದಳು. ಬರಬರುತ್ತ ಎಲ್ಲವೂ ತಾಳಕ್ಕೆ ಕೂತಿತು, ಏಟು ಬೀಳುವುದು ನಿಂತಿತು. ಸಿದ್ಧಿ ಎಂದರೆ ಇದೇ ಇರಬೇಕು ಎಂದುಕೊಂಡೆ.

ಸ್ಪರ್ಧೆಯಲ್ಲಿ ಅಕ್ಕ, ಭಾವ ಬೆಣ್ಣೆಯಿಂದ ಕೂದಲು ತೆಗೆದಂತೆ ಕುಣಿದು ಇಳಿದರು. ನಾವು ಹತ್ತಿದೆವು. ಕುಣಿಯಲಾರದವರು ನೆಲ ಡೊಂಕು ಎನ್ನುತ್ತಾರಂತೆ. ನಮ್ಮ ಸಂಕಟವೇ ಬೇರೆ: ನೆಲ ತೀರಾ ನೆಟ್ಟಗಿತ್ತು! ಅಷ್ಟಗಲದ ಖಾಲಿ ವೇದಿಕೆಯಲ್ಲಿ ಸೋಫಾ ಎಡಕ್ಕೋ, ಬಲಕ್ಕೋ?

ಹಾಡು ಶುರುವಾಯಿತು. ತಲೆಗೆ ತೋಚದ್ದು ಕಾಲಿಗೆ ತೋಚಿತು. ಇಲ್ಲದ ಸೋಫಾವನ್ನು ಅದು ದಾಟಿಯೇಬಿಟ್ಟಿತು. ಹೆಂಡತಿ ಇಲ್ಲದ ಹಗ್ಗಕ್ಕೆ ತಲೆ ಬಾಗಿಸಿದಳು. ನಾನು ಮಾತ್ರ ನೆಟ್ಟಗೆ ನಿಂತಿದ್ದೆ.

"ಟವೆಲ್ ರೀ, ಟವೆಲ್!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಗಾಬರಿಯಲ್ಲಿ ಮುಖದ ಮೇಲಿಲ್ಲದ ಒದ್ದೆ ಟವೆಲ್ಲನ್ನು ಎರಡೂ ಕೈಯಿಂದ ಸರಿಸಿದೆ. ಅಷ್ಟರಲ್ಲಿ ಅವಳು ಗಿರ್ರನೆ ತಿರುಗಿ ಫ್ರಿಜ್ ಮುಚ್ಚಿದಳು. ಫ್ರಿಜ್ ಇರಬೇಕಾದ ಜಾಗದಲ್ಲಿ ನಾನಿದ್ದೆ! ವೇದಿಕೆಯ ಅಂಚಿಗೆ ಹಾರಿದವನನ್ನು ಕಾಲರ್ ಹಿಡಿದು ಎಳೆದುಕೊಂಡಳು. ಹಾಡು ಮುಗಿಯಿತು.

"ಮಾನ ಹೋಯ್ತು," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು.

ಆದರೆ ಚಪ್ಪಾಳೆ ನಿಲ್ಲುತ್ತಿಲ್ಲ. ಯಾರಿಗೆ? ಹಿಂತಿರುಗಿ ನೋಡಿದೆ, ಯಾರೂ ಇರಲಿಲ್ಲ. ತೀರ್ಪುಗಾರರಾಗಿ ಬಂದಿದ್ದ ಡಾನ್ಸ್ ಟೀಚರ್ ಎದ್ದು ನಿಂತಿದ್ದರು.

"ಇಂಥ ಹೆಜ್ಜೆ ನಾನೆಲ್ಲೂ ನೋಡಿಲ್ಲ! ಯಾವ ಶೈಲಿ ಇದು?"

"ನನ್ನದೇ ಸ್ವಂತದ್ದು," ಎಂದೆ ಗಂಭೀರವಾಗಿ. ಹೆಂಡತಿ ಕೆಮ್ಮಿದಳು. ಬಹುಮಾನ ನಮಗೇ ಬಂತು. ಅದನ್ನು ಎರಡು ಕೈಯಲ್ಲಿ ಹಿಡಿಯಬೇಕಾದ್ದರಿಂದ ಅವಳ ಬ್ಯಾಗನ್ನು ಅಕ್ಕನೇ ಹಿಡಿದುಕೊಂಡಳು.

ಟೀಚರ್ ತಮ್ಮ ಶಾಲೆಯಲ್ಲಿ ಈ ಹೆಜ್ಜೆ ಕಲಿಸಲು ಕರೆದರು. ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಗುರುವಿನ ಗತ್ತಿನಲ್ಲಿ ಹೋದೆ. ಅಲ್ಲಿಯೂ ಬಟ್ಟಬಯಲಿನಂಥ ಹಾಲ್. ನಿಧಾನವಾಗಿ ತೋರಿಸಿ ಎಂದರೆ ಕಾಲು ಎಲ್ಲಿ ಎತ್ತಬೇಕೆಂದೇ ತಿಳಿಯದು.

"ಸೋಫಾ ಇಲ್ದೆ ಆಗಲ್ಲ ಮೇಡಂ," ಎಂದು ಹೆಂಡತಿ ನಿಜ ಹೇಳಿಬಿಟ್ಟಳು. ಟೀಚರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಈಗ ಭಾನುವಾರಗಳಂದು ಅವರಿಬ್ಬರೂ ಕೈಕೈ ಹಿಡಿದು ಕಲಿಸುತ್ತಾರೆ. ನಾನು ನಡುವೆ ಮೊಣಕಾಲೂರಿ, ತೋಳು ಚಾಚಿ ಕೂತಿರುತ್ತೇನೆ. "ಇನ್ನೂ ಸ್ವಲ್ಪ ತಗ್ಗಿ ರೀ, ನಮ್ಮನೇದು ಅಷ್ಟೆತ್ತರ ಇಲ್ಲ!"

ಮೊನ್ನೆ ಅಕ್ಕ, ಭಾವನೂ ಕಲಿಯಲು ಬಂದರು. ಅಕ್ಕ ಬ್ಯಾಗ್ ಎಲ್ಲಿಡಲೆಂದು ಸುತ್ತ ನೋಡಿದಳು.

"ಸೋಫಾ ಮೇಲಿಡು ಅಕ್ಕ," ಎಂದಳು ನನ್ನವಳು.

ನನ್ನ ಬಲತೋಳಿಗೆ ಅಕ್ಕನ ಬ್ಯಾಗ್ ಬಂತು. ಎಡತೋಳಿನಲ್ಲಿ ಹೆಂಡತಿಯದು ಆಗಲೇ ನೇತಾಡುತ್ತಿತ್ತು.