ಏಸಿ ಫಿಲ್ಟರೂ ನಮ್ಮ ಮನೆಯ ಜಾಣರೂ

ನಮ್ಮ ಮನೆಗೆ ಹೊಸ ಯಂತ್ರವೊಂದು ಕಾಲಿಟ್ಟರೆ ಸಾಕು, ಇದ್ದಬದ್ದ ಬುದ್ಧಿಯೆಲ್ಲ ಮೆಟ್ಟಿಲಿಳಿದು ಹೊರಟುಹೋಗುತ್ತದೆ. ಮಿಕ್ಸಿ ಬಂದಾಗಲೂ ಹೀಗೇ ಆಯಿತು, ವಾಷಿಂಗ್ ಮೆಷಿನ್ ಬಂದಾಗಲೂ ಹೀಗೇ ಆಯಿತು. ಏಸಿ ಬಂದಾಗ ಮಾತ್ರ ಬೇರೆ ಥರ ಆಗಲು ಅದೇನು ಮೇಲಿಂದ ಇಳಿದು ಬಂದದ್ದೇ?

ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನ ಕಿಟಕಿಯಲ್ಲಿ ಅದು ಕೂತು ಎರಡು ವರ್ಷವಾಗಿತ್ತು. ಅದಕ್ಕೊಂದು ಫಿಲ್ಟರ್ ಇದೆ, ಅದನ್ನು ಆಗಾಗ ತೊಳೆಯಬೇಕು ಎನ್ನುವುದು ಯಾರ ತಲೆಗೂ ಹೋಗಿರಲಿಲ್ಲ. ಆ ವರ್ಷ ಮಗಳಿಗೆ ಪ್ಲಸ್ ಟು ಪರೀಕ್ಷೆ. ಏಸಿ ಹಾಕಿ ಪುಸ್ತಕ ತೆರೆದರೆ ಸಾಕು, ಸೀನು ಶುರು. ಕಣ್ಣಲ್ಲಿ ಮೂಗಲ್ಲಿ ನೀರು, ಓದು ಮಾತ್ರ ಮುಂದೆ ಹೋಗದು. ಮೂಗಿನ ಡಾಕ್ಟರು ನೋಡಿ, "ಮಾತ್ರೆ ಆಮೇಲೆ. ಮೊದಲು ಏಸಿ ಫಿಲ್ಟರ್ ತೊಳೀರಿ" ಅಂದರು. ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು. ನಮ್ಮವರಿಗೆ ಆ ತಿಂಗಳು ಸಾಲಲಿಲ್ಲ.

ವಾರಂಟಿ

ಮನೆಗೆ ಬಂದವಳೇ ಏಸಿಯ ಮುಚ್ಚಳಕ್ಕೆ ಕೈ ಹಾಕಿದೆ. ಯಜಮಾನರು ಹೌಹಾರಿ ಓಡಿಬಂದರು. ಬ್ಯಾಂಕಿನಲ್ಲಿ ಆಫೀಸರು ನೋಡಿ, ಯಾವುದನ್ನೂ ಮೇಲಿನವರ ಅಪ್ಪಣೆ ಇಲ್ಲದೆ ತೆರೆದು ಅಭ್ಯಾಸವಿಲ್ಲ.

"ಮುಟ್ಟಬೇಡ ಕಣೇ! ನಾವು ಬಿಚ್ಚಿದ್ರೆ ವಾರಂಟಿ ಹೋಗತ್ತೆ."

"ಅದು ಹೋಗಿ ಒಂದು ವರ್ಷ ಆಯ್ತಲ್ರೀ."

"ಹಾಗಾದ್ರೆ ಮುಟ್ಟಲೇಬೇಡ. ಈಗ ಕೆಟ್ರೆ ಯಾರು ಜವಾಬ್ದಾರಿ?"

ದೃಷ್ಟಿ

ಅತ್ತೆಗೆ ಡಾಕ್ಟರ ಮೇಲೆ ನಂಬಿಕೆಯಿಲ್ಲ. "ಫಿಲ್ಟರಂತೆ! ಮಗೂಗೆ ಯಾರದೋ ದೃಷ್ಟಿ ತಾಗಿದೆ" ಅಂತ ತೀರ್ಮಾನ ಕೊಟ್ಟು, ರೂಮಿನ ಬಾಗಿಲು ಭದ್ರವಾಗಿ ಹಾಕಿ, ಕೆಂಡಕ್ಕೆ ಸಾಂಬ್ರಾಣಿ ಸುರಿದರು. ಏಸಿ ಆರಿಸಿ ಅಂದರೆ, "ಇರಲಿ ಬಿಡು, ಹೊಗೆ ಮೂಲೆಮೂಲೆಗೂ ಹೋಗತ್ತೆ" ಅಂದರು. ಹೊಗೆಯೇನೋ ಹೋಯಿತು, ನೆಟ್ಟಗೆ ಫಿಲ್ಟರಿನೊಳಗೆ. ಮಗಳು ಉಸಿರು ತಿರುಗಿಸಿಕೊಳ್ಳಲೂ ಆಗದಂತೆ ಸೀನತೊಡಗಿದಳು.

ಅತ್ತೆ ನನ್ನ ಕಡೆ ತಿರುಗಿ ಗೆದ್ದವರ ಹಾಗೆ ನೋಡಿದರು. "ಕೇಳಿಸ್ತಾ? ದೃಷ್ಟಿ ಎಷ್ಟು ಗಟ್ಟಿಯಾಗಿ ತಾಗಿದೆ ನೋಡು!" ಎಂದವರೇ ಇನ್ನೊಂದು ಹಿಡಿ ಹಾಕಿದರು.

ಕೆಳಮನೆಯವರ ದೂರು

ಊರಿಗೆಲ್ಲ ನೀರಿನ ಬರ. ಟ್ಯಾಂಕರ್ ಲಾರಿಯ ಹಿಂದೆ ಕೊಡ ಹಿಡಿದು ಓಡುತ್ತಿದ್ದ ಕಾಲ ಅದು. ಒಂದು ಬೆಳಿಗ್ಗೆ ಕೆಳಮನೆಯ ರಿಟೈರ್ಡ್ ಹಿರಿಯರು ಕೆಂಪು ಮುಖ ಹೊತ್ತು ಮೇಲೆ ಬಂದರು. ನಮ್ಮ ಏಸಿಯ ನೀರು ಅವರ ಬಾಲ್ಕನಿಗೆ ತೊಟ್ಟಿಕ್ಕುತ್ತದೆ, ಅದಕ್ಕೇ ಜಗಳಕ್ಕೆ ಬಂದಿದ್ದಾರೆ ಅಂದುಕೊಂಡು ನಾನು ಕ್ಷಮೆ ಕೇಳಲು ಸಿದ್ಧಳಾದೆ.

"ಎನ್ನಮ್ಮಾ ಇದು, ರೆಂಡು ನಾಳಾ ಉಂಗ ಏಸಿ ತಣ್ಣಿ ವರಲೆಯೇ?" ಎಂದು ತಮಿಳಿನಲ್ಲಿ ಗದರಿದರು. ಎರಡು ದಿನದಿಂದ ನೀರು ಬರುತ್ತಿಲ್ಲವಂತೆ! ಆ ಹಿರಿಯರು ಇಷ್ಟು ದಿನ ಕೆಳಗೆ ಬಕೆಟ್ ಇಟ್ಟು ಹಿಡಿದು ಗಿಡಕ್ಕೂ ನೆಲ ಒರೆಸುವುದಕ್ಕೂ ಬಳಸಿಕೊಳ್ಳುತ್ತಿದ್ದರು.

ಫಿಲ್ಟರ್ ಪೂರ್ತಿ ಕಟ್ಟಿಕೊಂಡು ಏಸಿಯೊಳಗೆ ಮಂಜುಗಡ್ಡೆ ಕೂತಿತ್ತು, ನೀರೆಲ್ಲಿಂದ ಬರಬೇಕು? ಮಗಳು ಸೀನಿ ಸೀನಿ ಸಾಯುತ್ತಿದ್ದಾಗ ಅಲುಗದ ನಮ್ಮ ಯಜಮಾನರು, ಕೆಳಮನೆಯವರ ಬಕೆಟ್ ಒಣಗಿತು ಅಂದಕೂಡಲೇ ಎದ್ದುಹೋಗಿ ಫಿಲ್ಟರ್ ಕಳಚಿದರು. ಕೆಳಮನೆಯವರು ಹೋಗುವಾಗ ಎಚ್ಚರಿಕೆ ಕೊಟ್ಟರು: ಇನ್ನುಮುಂದೆ ನೀರು ನಿಲ್ಲಿಸುವುದಿದ್ದರೆ ಹಿಂದಿನ ದಿನವೇ ತಿಳಿಸಬೇಕು.

ಮಾಮಿಯ ವಡಾಂ

ಅಂತೂ ಫಿಲ್ಟರ್ ತೊಳೆದದ್ದಾಯಿತು. ಕಪ್ಪು ನೀರು ಹರಿದದ್ದು ನೋಡಿ, ಇದನ್ನೇ ಕೂಸು ಉಸಿರಾಡಿದ್ದು ಅಂತ ನನಗೆ ಹೊಟ್ಟೆ ಉರಿಯಿತು. ತಾರಸಿಯ ಮೇಲೆ ಒಣಗಲು ಇಟ್ಟು ಬಂದೆ.

ಸಂಜೆ ಹೋಗಿ ನೋಡಿದರೆ ಫಿಲ್ಟರಿನ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ! ಮೇಲ್ಮನೆಯ ಮಾಮಿ ತಮ್ಮ ವರ್ಷದ ವಡಾಮನ್ನು ಅದರ ಮೇಲೆ ಒತ್ತಿಬಿಟ್ಟಿದ್ದರು. ನನ್ನನ್ನು ಕಂಡು ಸಂಭ್ರಮದಿಂದ, "ನಲ್ಲ ಜಲ್ಲಡೆ, ಎಂಗೆ ವಾಂಗಿನೇಳ್?" ಅಂದರು. ಇಷ್ಟು ಒಳ್ಳೆಯ ಜರಡಿ ಎಲ್ಲಿ ಸಿಕ್ಕಿತು ಅಂತ! ಅದು ಏಸಿಯದು ಅಂದೆ. "ಏಸಿಗೆ ಯಾಕೆ ಜರಡಿ?" ಎಂದು ನನ್ನನ್ನೇ ಪೆದ್ದಿಯ ಹಾಗೆ ನೋಡಿದರು.

ಒಣಗಿದ ವಡಾಂ ಕಿತ್ತಾಗ ಬಲೆಯೂ ಹರಿದು ಜೊತೆಗೇ ಬಂತು. ಮಾರನೆಯ ದಿನ ಮಾಮಿ ಬಾಗಿಲು ತಟ್ಟಿದರು. ನನಗೆ ಸಮಾಧಾನ ಹೇಳಲು ಬಂದಿರಬೇಕು ಅಂದುಕೊಂಡೆ. ಇಲ್ಲ, ಕರಿದ ವಡಾಮಿಗೆ ಸಾಂಬ್ರಾಣಿ ವಾಸನೆ ಬರುತ್ತಿದೆ ಅಂತ ದೂರು.

ಹೊಸ ಫಿಲ್ಟರ್

ಪರೀಕ್ಷೆ ವಾರದೊಳಗೆ ಬಂದಿತ್ತು. ನಾನು ಕೂಗಾಡಿದ ಮೇಲೆ ಯಜಮಾನರು ಟಿ. ನಗರಕ್ಕೆ ಹೋಗಿ ಹೊಸ ಫಿಲ್ಟರ್ ತಂದರು. ನಮ್ಮನ್ನೆಲ್ಲ ರೂಮಿನಿಂದ ಹೊರಗೆ ಕಳಿಸಿ ತಾವೇ ಕೂರಿಸಿದರು. ಸ್ವಿಚ್ ಹಾಕಿದರೆ ಏಸಿ ಗೊರಗೊರ ಅಂದದ್ದಷ್ಟೇ.

"ಅಪ್ಪಾ, ಕಾತ್ತೇ ವರಲೆ" ಅಂದಳು ಶಾಲೆಯ ತಮಿಳೇ ಬಾಯಿಗೆ ಬರುವ ಮಗಳು. ಗಾಳಿಯೇ ಬರುತ್ತಿಲ್ಲ.

"ಹೊಸ ಫಿಲ್ಟರಲ್ವಾ, ಪಳಗಬೇಕು. ಸ್ವಲ್ಪ ತಾಳು."

ಅವಳು ತಾಳಲಿಲ್ಲ. ಸೆಕೆ ತಡೆಯಲಾರದೆ ಏಸಿ ಆರಿಸಿ, ಬಾಲ್ಕನಿ ಬಾಗಿಲು ತೆರೆದಿಟ್ಟು, ಫ್ಯಾನಿನ ಕೆಳಗೆ ಕೂತು ಓದಿದಳು. ಸೀನು ನಿಂತೇಹೋಯಿತು. ಪರೀಕ್ಷೆಗಳನ್ನೂ ಚೆನ್ನಾಗಿ ಬರೆದಳು. ಯಜಮಾನರು ಮಾತ್ರ ಬ್ಯಾಂಕಿನಲ್ಲೆಲ್ಲ ತಮ್ಮ ಕೈಗುಣ ಹೇಳಿಕೊಂಡು ತಿರುಗಿದರು.

ಪರೀಕ್ಷೆ ಮುಗಿದ ಮೇಲೆ, ಈ ಫಿಲ್ಟರ್ ಇನ್ನೂ ಯಾಕೆ ಪಳಗಿಲ್ಲ ಅಂತ ಮುಚ್ಚಳ ತೆಗೆದು ನೋಡಿದೆ. ಥಳಥಳ ಹೊಳೆಯುತ್ತಿತ್ತು. ಅಂಗಡಿಯ ಪ್ಲಾಸ್ಟಿಕ್ ಕವರನ್ನು ಬಿಚ್ಚಿಯೇ ಇರಲಿಲ್ಲ. ಮೇಲೆ ಅಂಟಿಸಿದ್ದ ಬೆಲೆ ಚೀಟಿ ಸಹ ಹಾಗೇ ಇತ್ತು.

"ಕವರ್ ಯಾಕ್ರೀ ತೆಗೀಲಿಲ್ಲ?"

"ತೆಗೆದ್ರೆ ಧೂಳು ಕೂತ್ಕೊಳ್ಳಲ್ವೇನೇ? ಹೊಸ ಸಾಮಾನು!"

"ರೀ, ಧೂಳು ಹಿಡಿಯೋಕೇ ಅಲ್ವಾ ಅದಿರೋದು?"

ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದರು: "ನೀನು ಸುಮ್ನಿರು. ನಾನು ಅದನ್ನ ಹಾಕಿದ್ಮೇಲೆ ಮಗು ಒಂದು ಸಲನಾದ್ರೂ ಸೀನಿದ್ಯಾ?"