ಕಬೀಕಜ್ ಉಸ್ತಾದರ ಹನ್ನೊಂದು ಗ್ರಂಥ

ಇಲ್ಲೇ ಹೇಳಿಬಿಡುವುದೋ, ಕಲ್ಯಾಣಿ ಊರು ಮುಟ್ಟಿದ ಮೇಲೆ ಹೇಳುವುದೋ? ಇಲ್ಲೇ ಹೇಳಿದರೆ ಪ್ರೊಫೆಸರ್ ಸಾಹೇಬರು ಬಂದ ಮೋಟಾರಿನಲ್ಲೇ ಹೈದರಾಬಾದಿಗೆ ತಿರುಗಿ ಹೋದಾರು. ಅಲ್ಲಿ ಹೇಳಿದರೆ ಹತ್ತು ಮಂದಿಯ ಎದುರು ಮಾನ ಹೋದೀತು. ಹುಮನಾಬಾದಿನಲ್ಲಿ ಮೋಟಾರಿನ ದಾರಿ ಕಾಯುತ್ತ ನಿಂತ ಗಯಾಸುದ್ದೀನ್ ಇದನ್ನೇ ಯೋಚಿಸುತ್ತ ಕೈಯಲ್ಲಿದ್ದ ಗುಲಾಬಿ ಹಾರದ ಅರ್ಧ ಎಸಳು ಕಿತ್ತು ಹಾಕಿದ್ದ.

ಹಳೆಯ ಅರಬ್ಬಿ, ಫಾರಸಿ ಹಸ್ತಪ್ರತಿಗಳನ್ನು ಕೂಡಿಸಿ ಶೋಧನೆ ಮಾಡುವ ಕಲ್ಯಾಣಿಯ ಇಸ್ಲಾಮಿ ಇದಾರಾ ಎಂಬ ಸಂಸ್ಥೆಯಲ್ಲಿ ಅವನು ಒಂದು ವರ್ಷದಿಂದ ಹಂಗಾಮಿ ಗುಮಾಸ್ತ. ಪರೀಕ್ಷೆ ಪಾಸಾದವನು, ಅಚ್ಚಿನ ಪುಸ್ತಕ ಎಷ್ಟು ಬೇಕಾದರೂ ಓದಬಲ್ಲ. ಕೈಬರಹದ ಪುಸ್ತಕಗಳ ಯಾದಿ ಮಾಡುವಾಗ ಹನ್ನೊಂದು ಪುಸ್ತಕಗಳ ಮೊದಲ ಹಾಳೆಯ ನೆತ್ತಿಯಲ್ಲಿ ‘ಯಾ ಕಬೀಕಜ್’, ಅಂದರೆ ‘ಓ ಕಬೀಕಜ್’ ಎಂದು ಬರೆದದ್ದು ಕಂಡಿತ್ತು. ಶಿಷ್ಯರು ಭಕ್ತಿಯಿಂದ ಗುರುವನ್ನು ಕೂಗಿದ್ದಾರೆ ಎಂದುಕೊಂಡು, ಗ್ರಂಥಕರ್ತರ ಖಾನೆಯಲ್ಲಿ ಊರಿನ ಹೆಸರನ್ನೂ ಸೇರಿಸಿ ‘ಕಬೀಕಜ್ ಕಲ್ಯಾಣಿ’ ಎಂದು ಹನ್ನೊಂದು ಸಲ ಬರೆದ. ವೈದ್ಯ, ವ್ಯಾಕರಣ, ನಕ್ಷತ್ರ, ಕುದುರೆಯ ರೋಗ, ಉಸ್ತಾದರು ಬಿಟ್ಟ ವಿಷಯವೇ ಇರಲಿಲ್ಲ. ಯಾದಿ ಅಚ್ಚಾಗಿ ಹೈದರಾಬಾದಿಗೆ ಹೋಯಿತು. ಇಂಥ ಪಂಡಿತರ ಊರನ್ನು ಕಣ್ಣಾರೆ ನೋಡಬೇಕೆಂದು ಪ್ರೊಫೆಸರರು ಪತ್ರ ಬರೆದರು. ಅವರು ಮೆಚ್ಚಿದರೆ ಗಯಾಸುದ್ದೀನನ ನೌಕರಿ ಕಾಯಂ ಎಂದು ಇದಾರಾದ ಅಧ್ಯಕ್ಷ ಅಬ್ದುಲ್ ರಜಾಕ್ ಸಾಹೇಬರು ಮಾತು ಕೊಟ್ಟರು.

ನಿನ್ನೆ ಸಂಜೆ, ಪುಸ್ತಕಗಳಿಗೆ ರಟ್ಟು ಕಟ್ಟುವ ಮುದುಕ ಗೌಸ ಆ ಯಾದಿಯನ್ನು ಓದಿಸಿ ಕೇಳಿ, ಅಂಟಿನ ಕುಂಚ ಕೆಳಗಿಟ್ಟು ನಕ್ಕಿದ್ದ.

“ಗ್ರಂಥಕರ್ತ? ಅಂವ ಹುಳಗೋಳ ಬಾದಶಾ ರೀ! ತಮ್ಮ ರಾಜಾನ ಹೆಸರು ನೋಡಿ ಗೆದ್ದಲ, ಜಿರಲಿ ಅಂಜಿ ಹಿಂದ ಸರೀತಾವಂತ. ನಮ್ಮಪ್ಪ ಬರೀತಿದ್ದ. ನಾನೂ ಬರೀತೀನಿ.”

“ಮೊದಲ ಯಾಕ ಹೇಳಲಿಲ್ಲ ಚಾಚಾ?”

“ಪರೀಕ್ಷಾ ಪಾಸಾದವರಿಗಿ ನಾ ಏನ್ ಹೇಳ್ಲಿ?”

ಹೈದರಾಬಾದಿನ ಮೋಟಾರು ಬಂತು. ಪ್ರೊಫೆಸರರು ಹತ್ತಿರದ ಮನ್ನಾಏಖೇಳ್ಳಿಯಲ್ಲಿ ಹುಟ್ಟಿದವರು, ಮಾತು ಈ ಕಡೆಯದೇ. ಕೊರಳಿಗೆ ಬಿದ್ದ ದಾರವನ್ನು ಹಾರವೆಂದೇ ಒಪ್ಪಿಕೊಳ್ಳುವಷ್ಟು ಸಜ್ಜನರು. ಇಬ್ಬರೂ ಕಲ್ಯಾಣಿಯ ಮೋಟಾರು ಹತ್ತಿದರು. ಯುದ್ಧದ ದಿನಗಳು, ಪೆಟ್ರೋಲು ಇಲ್ಲ. ಇದ್ದಿಲ ಹೊಗೆಯಿಂದ ಓಡುವ ಆ ಗಾಡಿ ಏರು ಬಂದಲ್ಲೆಲ್ಲ ದಮ್ಮಿನ ರೋಗಿಯಂತೆ ನಿಂತು ಕೆಮ್ಮುತ್ತಿತ್ತು.

“ಸಾಹೇಬರ, ಕಬೀಕಜ್ ಅಂದ್ರ ಖರೇ ಅಂದ್ರ...” ಎಂದು ಗಯಾಸುದ್ದೀನ್ ಬಾಯಿ ತೆಗೆದ.

ಮುಂದಿನ ಸೀಟಿನಿಂದ ಕಿರಾಣಿ ಅಂಗಡಿಯ ಮಹಾರುದ್ರಪ್ಪ ಕುತ್ತಿಗೆ ತಿರುಗಿಸಿದ. ‘ಗೊತ್ತಿಲ್ಲ’ ಎಂಬುದು ಅವನ ಅಂಗಡಿಯಲ್ಲಿ ಸಿಗದ ಒಂದೇ ಸಾಮಾನು.

“ಕಬೀಕಜ್ ಸಾಹೇಬರ ಸುದ್ದಿ ಏನ್ರಿ? ನಮ್ಮ ಮುತ್ಯಾನ ಹೊಟ್ಟಿಬ್ಯಾನಿ ವಾಸಿ ಮಾಡಿದವರು! ಭಾಳ ಒಳ್ಳೆ ಕೈಗುಣ.”

“ಆದ್ರ ಪುಸ್ತಕ ಮುನ್ನೂರು ವರ್ಷದ್ದು ಅವ,” ಎಂದರು ಪ್ರೊಫೆಸರರು.

“ಹಂಗಾದ್ರ ಮುತ್ಯಾನ ಮುತ್ಯಾ ಇದ್ದಾನು,” ಎಂದು ಮಹಾರುದ್ರಪ್ಪ ತೂಕ ಸರಿಮಾಡಿದ.

ಪ್ರೊಫೆಸರರು ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡರು. ಗಯಾಸುದ್ದೀನನ ಮಾತು ಹಗ್ಗ ಹರಿದ ಕೊಡದಂತೆ ಒಳಗೇ ಮುಳುಗಿತು.

ಕಲ್ಯಾಣಿಯಲ್ಲಿ ಅಬ್ದುಲ್ ರಜಾಕ್ ಸಾಹೇಬರು ಹೊಸ ಶೇರವಾನಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. “ಬರ್ರಿ, ಬರ್ರಿ! ನಾನಾಗಿ ಹೇಳಬಾರದು ಅಂತಿದ್ದೆ. ಉಸ್ತಾದರು ನಮ್ಮ ತಾಯಿ ಕಡೀ ನಾನಾರ ಖಾನ್ದಾನದವರು.”

ಪಕ್ಕದ ಮನೆಯ ಪರದೆಯ ಹಿಂದಿನಿಂದ ಹಜಿರಾ ಬೀ ಕೂಗಿದಳು: “ಅವರಿಗಿ ಬದನೀಕಾಯಿ ಆಗ್ತಿರಲಿಲ್ಲಂತ! ನಮ್ಮತ್ತಿ ಹೇಳ್ತಿದ್ರು.”

ಬದನೆಕಾಯಿಯೂ ಟಿಪ್ಪಣಿ ಪುಸ್ತಕ ಸೇರಿತು.

ಗಯಾಸುದ್ದೀನ್ ಅಧ್ಯಕ್ಷರ ತೋಳು ಜಗ್ಗಿದ. “ಸಾಹೇಬರ, ಒಂದು ಮಾತದ...”

“ನಿನ್ನ ನೌಕ್ರಿ ಮಾತಲ್ಲ? ಆಗ್ತದ. ಸುಮ್ಮನಿರು.”

“ಆ ಹೆಸರಿನ ಮಾತೇನಂದ್ರ...” ಎಂದು ಮೂಲೆಯಲ್ಲಿದ್ದ ಗೌಸ ಶುರುಮಾಡಿದ.

“ಏ ಗೌಸ, ಬಾಯಿ ಮುಚ್ಚಿ ಅಂಟು ಕಾಸು! ಓದಿದವರ ನಡುವ ನಿಂದೇನು?”

ಗೌಸ ಅಂಟು ಕಾಸಲು ಕೂತ.

ಪೆಟ್ಟಿಗೆ ತೆರೆದರು. ಪ್ರೊಫೆಸರರು ಒಂದೊಂದೇ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ನೋಡಿದರು. ಹನ್ನೊಂದೂ ಮುಗಿದ ಮೇಲೆ, ಗೌಸ ಅಂದೇ ಕಟ್ಟಿದ್ದ ಹಾಜರಿ ಪುಸ್ತಕ ಅವರ ಕೈಗೆ ಬಂತು. ಒಳಗೆ ಬರೀ ಖಾಲಿ ಹಾಳೆ. ಮೊದಲ ಹಾಳೆಯ ಮೇಲೆ ಮಾತ್ರ ಹಸಿ ಮಸಿಯಲ್ಲಿ, ‘ಯಾ ಕಬೀಕಜ್’.

“ಇದು ಯಾರು ಬರದ್ರು?”

ಗೌಸ ಎದೆ ಮುಟ್ಟಿಕೊಂಡ.

“ಯಾಕ?”

ಗೌಸ ಅಧ್ಯಕ್ಷರ ಮುಖ ನೋಡಿದ. ಬಾಯಿ ಮುಚ್ಚಬೇಕೆಂದು ಹುಕುಮಾಗಿತ್ತು. ಅಂಟಿನ ಕುಂಚ ಎತ್ತಿ ಗೋಡೆಯ ಬುಡ ತೋರಿಸಿದ. ಅಲ್ಲಿ ಒಂದು ಜಿರಲೆ ಮೀಸೆ ಆಡಿಸುತ್ತಿತ್ತು. ಪ್ರೊಫೆಸರರು ಒಮ್ಮೆ ಜಿರಲೆಯನ್ನು, ಒಮ್ಮೆ ಖಾಲಿ ಹಾಳೆಯ ಮೇಲಿನ ಹೆಸರನ್ನು ನೋಡಿದರು.

“ಎಲ್ಲಾರೂ ಸ್ವಲ್ಪ ಹೊರಗ ಹೋಗ್ರಿ. ಗಯಾಸುದ್ದೀನ್, ನೀವಿರ್ರಿ.”

ನೌಕರಿ ಹೋಯಿತು ಎಂದುಕೊಂಡ ಗಯಾಸುದ್ದೀನ್ ನೆಲ ನೋಡುತ್ತ ನಿಂತ.

“ನಿಮಗ ಯಾವಾಗ ತಿಳೀತು?”

“ನಿನ್ನಿ ಸಂಜೀಕ ರೀ.”

ಪ್ರೊಫೆಸರರು ಚೀಲದಿಂದ ಹೊಸ ಕಾಗದದ ವಾಸನೆಯ ಪುಸ್ತಿಕೆಯೊಂದನ್ನು ತೆಗೆದು ಮುಂದೆ ಹಿಡಿದರು. ‘ಕಬೀಕಜ್ ಕಲ್ಯಾಣಿ: ಜೀವನ ಮತ್ತು ಸಾಧನೆ.’ ಕೆಳಗೆ ಅವರದೇ ಹೆಸರು.

“ಹೋದ ಶುಕ್ರವಾರ ದೊಡ್ಡ ಸಭಾದಾಗ ಓದೀನಿ,” ಎಂದರು ಸಣ್ಣ ದನಿಯಲ್ಲಿ. “ಹುಟ್ಟಿದ ಇಸ್ವಿ ಸೈತ ಕೊಟ್ಟೀನಿ.”

ಪುಸ್ತಿಕೆ ಮತ್ತೆ ಚೀಲ ಸೇರಿತು. ಆಮೇಲೆ ಪ್ರೊಫೆಸರರು ಬಾಗಿಲು ತೆರೆದು, ಇಂಥ ಶೋಧಕನ ನೌಕರಿ ಇಂದೇ ಕಾಯಂ ಆಗಬೇಕು, ಉಸ್ತಾದರ ಉಳಿದ ಗ್ರಂಥಗಳನ್ನು ಇವನೇ ಹುಡುಕಬೇಕು ಎಂದು ಸಾರಿದರು. ಅಧ್ಯಕ್ಷರು ಅಲ್ಲೇ ಹುಕುಮು ಬರೆದು ಮೊಹರು ಒತ್ತಿದರು. ಹಾಜರಿ ಪುಸ್ತಕದ ಮೊದಲ ಹಾಳೆ ಕಣ್ಣಿಗೆ ಬಿದ್ದದ್ದೇ ಅದನ್ನು ಹರಿದು ಗೌಸನತ್ತ ಎಸೆದರು.

“ಇನ್ನ ಮ್ಯಾಲ ದೊಡ್ಡವರ ಹೆಸರು ಕಂಡಕಂಡ ರದ್ದಿ ಮ್ಯಾಲ ಬರದಿ ಅಂದ್ರ ನೋಡು!”

ಗಯಾಸುದ್ದೀನ್ ಹುಕುಮನ್ನು ಆ ಹಾಜರಿ ಪುಸ್ತಕದಲ್ಲೇ ಜೋಪಾನವಾಗಿ ಇಟ್ಟ. ಮಳೆಗಾಲ ಮುಗಿದ ಮೇಲೆ ತೆರೆದು ನೋಡಿದರೆ ರಟ್ಟಿನ ನಡುವೆ ಕೆಂಪು ಮಣ್ಣು ಮಾತ್ರ ಇತ್ತು. ಪಕ್ಕದಲ್ಲಿದ್ದ ಉಸ್ತಾದರ ಹನ್ನೊಂದು ಗ್ರಂಥಗಳಿಗೆ ಒಂದು ತೂತೂ ಬಿದ್ದಿರಲಿಲ್ಲ.

“ಹುಕುಮೇ ಇಲ್ಲ ಅಂದ ಮ್ಯಾಲ ಕಾಯಂ ಹ್ಯಾಂಗಾಗ್ತದ?” ಎಂದು ಅಧ್ಯಕ್ಷರು ಅವನನ್ನು ಮತ್ತೆ ಹಂಗಾಮಿ ಮಾಡಿದರು. “ಅಲ್ಲೋ, ಉಸ್ತಾದರ ಪುಸ್ತಕ ಬಿಟ್ಟು ಗೆದ್ದಲ ನಿಂದೇ ಯಾಕ ತಿಂತು?”

ಕಬೀಕಜ್ ಪಂಡಿತನಲ್ಲ, ಹುಳುಗಳ ರಾಜ ಎಂದು ಗಯಾಸುದ್ದೀನ್ ಆಗಲೂ ಹೇಳಲಿಲ್ಲ.