ನಿಂತಲ್ಲೇ ನಡೆಸುವ ನಮ್ಮ ನಡುಮನೆಯ ಟ್ರೆಡ್‌ಮಿಲ್ಲಿನವರಿಗೆ

ಇವರಿಗೆ,
ಶ್ರೀಯುತ ಟ್ರೆಡ್‌ಮಿಲ್ಲಿನವರು,
ನಡುಮನೆ, ಟಿ.ವಿ.ಯ ಎದುರು,
ಹೊಳಲ್ಕೆರೆ.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕರಿಸಬೇಕೆಂದು ಬಗ್ಗಿದೆ. ಪಾದಗಳು ಕಾಣಲಿಲ್ಲವಾದ್ದರಿಂದ ತಮ್ಮ ಕರಿಯ ಪಟ್ಟಿಗೇ ನಮಸ್ಕರಿಸಿ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ, ಏಕೆಂದರೆ ತಮ್ಮ ಮೈಮೇಲೆ ಧೂಳು ಕೂತರೆ ನಮ್ಮ ಯಜಮಾನರ ಮುಖ ಸಣ್ಣದಾಗುತ್ತದೆಂದು ದಿನವೂ ಮೆತ್ತನೆಯ ಬಟ್ಟೆಯಲ್ಲಿ ತಮ್ಮನ್ನು ಒರೆಸುವವಳು ನಾನೇ. ಪಂಪ್‌ಸೆಟ್ಟು, ಪೈಪು ಮಾರುವ ರಂಗೇಶರ ಹೆಂಡತಿ ಯಶೋದಾ ಎಂದರೆ ತಮಗೆ ಗುರುತು ಹತ್ತಲಿಕ್ಕಿಲ್ಲ. ಬೆಳಗ್ಗೆ ಆಕಳಿಸುತ್ತ ತಮ್ಮ ಮೇಲೆ ಹತ್ತಿ, ಎದುರಿನ ಗೋಡೆಯನ್ನೇ ನೋಡುತ್ತ ನಡೆದು, ಹತ್ತಿದಲ್ಲಿಯೇ ಇಳಿಯುವ ದಪ್ಪನೆಯ ಹೆಂಗಸು ಎಂದರೆ ಹತ್ತೀತು. ಯಾವ ಹೆಂಗಸಿನ ಆರೋಗ್ಯಕ್ಕೆಂದು ತಾವು ಚಿತ್ರದುರ್ಗದಿಂದ ಲಗೇಜ್ ಆಟೊದಲ್ಲಿ ದಯಮಾಡಿಸಿದಿರೋ, ಆ ಹೆಂಗಸು ತಮ್ಮಲ್ಲಿ ಒಂದು ದೂರು ಸಲ್ಲಿಸಲು ಅಪ್ಪಣೆ ಬೇಡುತ್ತಿದ್ದಾಳೆ.

ತಾವು ಬರುವುದಕ್ಕೆ ಮೊದಲಿನ ಕಥೆ ತಮಗೆ ಯಾರೂ ಹೇಳಿರಲಾರರು. ಹೋದ ವರ್ಷ ನನ್ನ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು, ಸಕ್ಕರೆ ಗಡಿಯ ಮೇಲೆ ಬಂದು ನಿಂತಿದೆ, ದಿನಾ ವಾಕಿಂಗ್ ಮಾಡಿ ಎಂದರು. ನಾನು ಹೊಸದುರ್ಗ ರಸ್ತೆಯಲ್ಲಿ ಇಟ್ಟಿಗೆ ಗೂಡಿನವರೆಗೆ ಒಬ್ಬಳೇ ನಡೆಯಲು ಶುರುಮಾಡಿದೆ. ಸುಳ್ಳೇಕೆ ಹೇಳಲಿ, ತಮ್ಮ ಮೇಲೆ ನಡೆಯುವಷ್ಟೇ ಬೇಸರ ಅಲ್ಲಿಯೂ ಆಗುತ್ತಿತ್ತು. ಹೆಜ್ಜೆ ಇಡು, ಇನ್ನೊಂದು ಹೆಜ್ಜೆ ಇಡು, ಮೊಬೈಲಿನಲ್ಲಿ ಗಂಟೆ ನೋಡು, ಗಂಟೆಯೂ ನನ್ನ ಹಾಗೆಯೇ ಏದುಸಿರು ಬಿಡುತ್ತ ನಿಧಾನಕ್ಕೆ ಬರುತ್ತಿದೆಯೆಂದು ಬೈದುಕೋ, ಇಷ್ಟೇ. ವ್ಯಾಯಾಮದಲ್ಲಿ ಆನಂದವಿದೆ ಎಂದು ಹೇಳುವವರೆಲ್ಲ ಸಂಘ ಕಟ್ಟಿಕೊಂಡು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಆಗ ಖಾತ್ರಿಯಾಗಿತ್ತು.

ಆ ರಸ್ತೆಯಲ್ಲಿ ಒಂದು ಬೆಳಗ್ಗೆ ಸುಮಿತ್ರಾ ಜೊತೆಯಾದಳು. ಹೊಸದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಕಂಡಕ್ಟರು. ಅವಳ ಮನೆ ನಮ್ಮ ಬಡಾವಣೆಯ ಹಿಂದಿನ ಕಾಲೋನಿಯಲ್ಲಿ. ಅಂದಿನಿಂದ ಆದ ಬದಲಾವಣೆಯನ್ನು ತಮ್ಮಂಥ ವಿಜ್ಞಾನಿಗಳು ದಯವಿಟ್ಟು ಗಮನಿಸಬೇಕು: ರಸ್ತೆ ಅದೇ, ಧೂಳು ಅದೇ, ನೋಯುವ ನನ್ನ ಮಂಡಿಯೂ ಅದೇ, ಆದರೆ ಇಟ್ಟಿಗೆ ಗೂಡು ಮಾತ್ರ ಯಾರೋ ಕಿತ್ತುಕೊಂಡು ಬಂದು ಊರ ಹತ್ತಿರ ಇಟ್ಟ ಹಾಗೆ ಬೇಗ ಬೇಗ ಬಂದುಬಿಡುತ್ತಿತ್ತು. ಹಿಂದಿನ ದಿನ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ಅವಳು ಹೇಳುವಳು. ಒಬ್ಬ ಮುದುಕ ಹ್ಯಾಟೆ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿದನಂತೆ, ಕೋಳಿಗೂ ಟಿಕೆಟ್ ತಗೋ ಅಂದರೆ, “ಹೆಂಗಸರಿಗೆಲ್ಲ ಫ್ರೀ ಅಂತೀರಲ್ಲ ಕಂಡಕ್ಟರಮ್ಮ, ಇದೇನು ಹುಂಜಾನಾ?” ಎಂದು ಬಸ್ಸೆಲ್ಲ ಕೇಳುವ ಹಾಗೆ ಜಗಳ ತೆಗೆದನಂತೆ. ಅಷ್ಟು ಹೇಳುವುದರೊಳಗೆ ಅವಳ ಮನೆಯ ತಿರುವು ಬಂತು. ಮಾರನೆಯ ದಿನ ನನಗೆ ಅಲಾರಂ ಬೇಕಾಗಲಿಲ್ಲ, ಏಕೆಂದರೆ ಆ ಕೋಳಿಗೆ ಟಿಕೆಟ್ ಆಯಿತೋ ಇಲ್ಲವೋ ಎಂದು ತಿಳಿಯಲು ಊರಿನ ಕೋಳಿ ಕೂಗುವ ಮೊದಲೇ ಎದ್ದು ಕೂತಿದ್ದೆ.

ಇಡೀ ದಿನ ಬಸ್ಸಿನಲ್ಲಿ ನಿಂತೇ ಇರುವವಳು ಬೆಳಗ್ಗೆ ಎದ್ದು ಮತ್ತೆ ಕಾಲು ಸವೆಸಲು ಏಕೆ ಬರುತ್ತಾಳೆಂದು ನಾನು ಒಮ್ಮೆ ಕೇಳಿದ್ದೆ. “ಬಸ್ನಾಗೆ ನಿಂತ್ರೆ ಅದು ಡ್ಯೂಟಿ ಕಣಕ್ಕಾ, ಮನ್ಯಾಗೆ ನಿಂತ್ರೆ ಅದು ಕೆಲ್ಸ. ಇದೊಂದು ನಡಿಗೆ ಮಾತ್ರ ನಂದು,” ಅಂದಳು. ಕೆಲವರಿಗೆ ವ್ಯಾಯಾಮವೆಂದರೆ ಬೇಸರ, ಕೆಲವರಿಗೆ ಖುಷಿ, ಇದು ಏಕೆಂದು ದೊಡ್ಡವರೆಲ್ಲ ಪೇಪರಿನಲ್ಲಿ ಪುಟಗಟ್ಟಲೆ ಬರೆಯುತ್ತಾರೆ. ಅವರು ಹೇಳುವ ಹಾರ್ಮೋನು ಗೀರ್ಮೋನು ಎಲ್ಲ ಇದ್ದರೂ ಇರಲಿ. ನನಗೆ ತಿಳಿದದ್ದು ಇಷ್ಟೇ, ಕಾಲು ನಮ್ಮದಾದರೆ ಸಾಲದು, ನಡಿಗೆಯೂ ನಮ್ಮದಾಗಿರಬೇಕು.

ಒಂದು ದಿನ ಸುಮಿತ್ರಾಳನ್ನು ಮನೆಯೊಳಗೆ ಕರೆದು ಚಹಾ ಕೊಟ್ಟೆ. ಅವಳು ಕುಡಿದು, ನಗುತ್ತ ಮಾತಾಡಿ ಹೋದಳು. ಅದೇ ವಾರ ತಾವು ಬಂದಿರಿ. ರಸ್ತೆಯಲ್ಲಿ ಬಿಸಿಲು, ಧೂಳು, ನಾಯಿ ಕಾಟ, ಅದಕ್ಕೇ ತಂದೆ ಎಂದು ಯಜಮಾನರು ನನಗೆ ಮೂರು ಕಾರಣ ಕೊಟ್ಟರು. ಸೂರ್ಯ ಹುಟ್ಟುವುದಕ್ಕೆ ಮೊದಲೇ ಮನೆ ಬಿಡುವ ಹೆಂಡತಿಗೆ ಬಿಸಿಲು ತಾಕೀತೆಂದು ಹೆದರುವ ಇಂಥ ಗಂಡ ಏಳೇಳು ಜನ್ಮಕ್ಕೂ ಸಿಗಲಿ ಎಂದು ನಾನು ದೇವರಲ್ಲಿ ಬೇಡಿಕೊಂಡೆ. ಅವರು ಬಾಯಿಬಿಟ್ಟು ಹೇಳದ ನಾಲ್ಕನೆಯ ಕಾರಣವನ್ನು ನಮ್ಮ ಅತ್ತೆ ಹುಚ್ಚಕ್ಕನವರು ಅಡುಗೆಮನೆಯಲ್ಲಿ, ಆ ಚಹಾ ಲೋಟವನ್ನು ಬೇರೆ ಎತ್ತಿಡುತ್ತ ಹೇಳಿಬಿಟ್ಟರು: “ಕಾಲೋನಿಯೋಳ ಜೊತಿಗೆ ಬೀದಿ ಸುತ್ತಿದ್ದಲ್ದೆ ನಡುಮನಿಗೂ ಕರ್ಕಂಡು ಬಂದ್ಯಲ್ಲೇ. ನಾಕು ಜನ ಏನಂತಾರೆ?” ಆ ನಾಲ್ಕು ಜನ ಯಾರೆಂದು ನಾನು ಇವತ್ತಿನವರೆಗೂ ಹುಡುಕುತ್ತಿದ್ದೇನೆ. ಅಂತೂ ತಾವು ನನ್ನ ಸಕ್ಕರೆ ಇಳಿಸಲು ಬಂದವರಲ್ಲ, ನಮ್ಮ ಮನೆಯ ಜಾತಿ ಕಾಯಲು ಬಂದ ಕಾವಲುಗಾರರು ಎಂದು ಅಂದು ಗೊತ್ತಾಯಿತು.

ತಮ್ಮ ಪೂಜೆಯ ಸಂಗತಿ ತಮಗೆ ನೆನಪಿರಲೇಬೇಕು. ಹೊಸ ಮೋಟಾರನ್ನು ಪೂಜೆ ಮಾಡದೆ ಚಾಲೂ ಮಾಡುವ ಪದ್ಧತಿ ನಮ್ಮ ಅಂಗಡಿಯಲ್ಲಿಲ್ಲ. ತಮಗೂ ಕುಂಕುಮ, ಅರಿಶಿನ, ಊದುಬತ್ತಿ, ಕಂಬದಿಂದ ಕಂಬಕ್ಕೆ ಸೇವಂತಿಗೆ ಹಾರ ಎಲ್ಲ ಆಯಿತು. ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಡುತ್ತೇವಲ್ಲ, ತಮ್ಮಲ್ಲಿ ಚಕ್ರ ಕಾಣದೆ ಯಜಮಾನರು ಪಟ್ಟಿಯ ಮೇಲೆಯೇ ಅದನ್ನಿಟ್ಟು, ಪಂಪು ನೀರೆತ್ತುವವರೆಗೆ ಸ್ಟಾರ್ಟರ್ ಒತ್ತಿ ಹಿಡಿಯುವ ಹಾಗೆ ಗುಂಡಿಯನ್ನು ಒತ್ತಿಯೇ ಒತ್ತಿದರು. ನಿಂಬೆಹಣ್ಣು ಹಾರಿ ಅತ್ತೆಯವರ ಎಲೆಅಡಿಕೆ ತಟ್ಟೆಗೆ ಬಡಿಯಿತು. ಹಾರ ಕಳಚಿ ತಮ್ಮ ಹೊಟ್ಟೆಯೊಳಗೆ ಹೋಗಿ, ತಾವು ಒಂದು ಸಲ ಗೊರಕ್ ಎಂದು ನಿಂತುಬಿಟ್ಟಿರಿ. ಚಿತ್ರದುರ್ಗದಿಂದ ಮೆಕ್ಯಾನಿಕ್ ಬಂದು ತಮ್ಮ ಹೊಟ್ಟೆಯಿಂದ ಸೇವಂತಿಗೆ ತೆಗೆಯುವವರೆಗೆ ನನಗೆ ರಸ್ತೆಯೂ ಇಲ್ಲ, ತಾವೂ ಇಲ್ಲ; ಮನೆಗೆ ಮಿಷನ್ ಬಂದ ಮೇಲೆ ಬೀದಿಯಲ್ಲಿ ನಡೆಯುವುದು ಮಿಷನ್ನಿಗೆ ಅವಮಾನವಂತೆ.

ತಾವು ಹುಷಾರಾದ ಮೇಲೆ ತಮ್ಮ ಗುಣಗಳನ್ನು ಒಂದೊಂದಾಗಿ ಅನುಭವಿಸಿದ್ದೇನೆ. ತಮ್ಮ ಮೋಟಾರಿಗೆ ಇಷ್ಟು ಹಾರ್ಸ್‌ಪವರ್ ಇದೆ, ಇದನ್ನು ಬೋರಿಗೆ ಇಳಿಸಿದರೆ ಒಂದು ತೋಟ ನೆನೆಯುತ್ತದೆ ಎಂದು ಯಜಮಾನರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಅಷ್ಟು ಶಕ್ತಿ ಇಟ್ಟುಕೊಂಡೂ ಒಂದು ಕೊಡ ನೀರು ಎತ್ತದೆ, ಒಬ್ಬ ಮನುಷ್ಯನನ್ನು ಒಂದು ಗೇಣು ಮುಂದಕ್ಕೆ ಒಯ್ಯದೆ, ಆದರೂ ಬೆವರಿಳಿಸುವ ತಮ್ಮ ಸಾಮರ್ಥ್ಯ ಸರ್ಕಾರಿ ಕಚೇರಿಗಳಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಕಂಡಿಲ್ಲ. ನಮ್ಮ ಯಜಮಾನರಿಗೆ ಮಾತ್ರ ತಮ್ಮ ಮೇಲೆ ನಡೆಯುವುದು ನಿಜವಾಗಿಯೂ ಇಷ್ಟ. ಅದನ್ನು ನಾನು ನ್ಯಾಯವಾಗಿ ಒಪ್ಪುತ್ತೇನೆ. ಮೀಟರು ಇರುವ ಯಾವುದನ್ನು ಕಂಡರೂ ಅವರಿಗೆ ಪ್ರೀತಿ. ಕಿವಿಗೆ ಅದೇನೋ ಸಿಕ್ಕಿಸಿಕೊಂಡು, ತಮ್ಮ ಮುಖದ ಮೇಲೆ ಓಡುವ ಅಂಕಿಗಳನ್ನು ನೋಡುತ್ತ, ಯಾರ ಜೊತೆಗೂ ಮಾತಾಡಬೇಕಾಗಿಲ್ಲದ ಸುಖದಲ್ಲಿ ಅವರು ತೊಯ್ದುಹೋಗುತ್ತಾರೆ. ಅವರ ಸಂತೋಷದ ಬಗ್ಗೆ ನನ್ನ ತಕರಾರಿಲ್ಲ. ಅವರ ಸಂತೋಷವನ್ನು ನನ್ನ ಕಾಲಿಗೆ ಕಟ್ಟಿ, ಆಮೇಲೆ ನಾನು ಆಕಳಿಸಿದರೆ “ನಿಂಗೆ ಸೋಮಾರಿತನ ಕಣೇ” ಅನ್ನುವುದರ ಬಗ್ಗೆ ಮಾತ್ರ ತಕರಾರು.

ಅತ್ತೆಯವರ ವಿಚಾರವನ್ನೂ ಹೇಳಿಬಿಡುತ್ತೇನೆ. ಅವರು ಮದುವೆಯಾದ ಹೊಸದರಲ್ಲಿ ಕುರಿ ಹಿಂಡಿನ ಹಿಂದೆ, ಕಂಕುಳಲ್ಲಿ ಕೂಸು, ತಲೆಯ ಮೇಲೆ ಪಾತ್ರೆ ಗಂಟು ಇಟ್ಟುಕೊಂಡು, ತುರುವನೂರಿನ ಎರೆಹೊಲಗಳಿಂದ ಹಿರಿಯೂರಿನ ಕಡೆಗೂ ಅಲ್ಲಿಂದ ಎಲ್ಲೆಲ್ಲಿಗೋ ನಡೆದವರು. ಅವರ ಹಿಮ್ಮಡಿಯ ಬಿರುಕು ಇನ್ನೂ ಕೂಡಿಲ್ಲ. ದಾರಿಯಲ್ಲಿ ಯಾರ ಹೊಲದಲ್ಲಿ ಮಂದೆ ನಿಲ್ಲಿಸಿದರೋ ಅವರು ಕೊಟ್ಟ ಮುದ್ದೆ ತಿಂದು, ಯಾರು ಕೊಟ್ಟರೋ ಅವರ ಕೊಡದ ನೀರು ಕುಡಿದು ಬದುಕಿದ್ದನ್ನು ಅವರೇ ನನಗೆ ಸಾವಿರ ಸಲ ಹೇಳಿದ್ದಾರೆ. ಈಗ ಅದೇ ಬಾಯಲ್ಲಿ, “ದೇವ್ರು ನಾಕು ಕಾಸು ಕೊಟ್ಟವ್ನೆ, ನಮ್ಮ ಮನೆ ಸೊಸೆ ಯಾಕೆ ಬೀದ್ಯಾಗೆ ನಡೀಬೇಕು?” ಅನ್ನುತ್ತಾರೆ. ದುಡ್ಡು ಬಂದ ಮೇಲೆ ಕಾಲಿಗಿಂತ ಮೊದಲು ನೆನಪೇ ಮರಗಟ್ಟುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ಕಂಡೆ.

ಇನ್ನು ನನ್ನ ದೂರಿನ ಮುಖ್ಯ ಭಾಗ. ನಾನು ರಸ್ತೆಗೆ ಹೋಗುವುದನ್ನು ಬಿಟ್ಟ ಮೇಲೆ ಸುಮಿತ್ರಾ ಒಮ್ಮೆ ಫೋನ್ ಮಾಡಿದ್ದಳು. ಮನೆಗೇ ಮಿಷನ್ ಬಂದಿದೆ ಎಂದೆ. “ಒಳ್ಳೇದಾತು ಬಿಡಕ್ಕಾ,” ಎಂದು ಇಟ್ಟುಬಿಟ್ಟಳು. ದಿನಕ್ಕೆ ನೂರಾರು ಮುಖ ನೋಡುವವಳು, ಒಂದು ಮಾತಿನಲ್ಲಿ ಎಲ್ಲವನ್ನೂ ತಿಳಿದುಕೊಂಡಿದ್ದಾಳೆ. ಮೊನ್ನೆ ಹೊಸದುರ್ಗದಲ್ಲಿರುವ ನನ್ನ ತಂಗಿ ಗಂಗಾಳ ಮನೆಗೆ ಹೋಗಲು ಬಸ್ಸು ಹತ್ತಿದೆ; ಅವಳದ್ದೇ ಬಸ್ಸು. ನನ್ನನ್ನು ಕಂಡರೆ ಚೀಲ ಸರಿಸಿ ಮುಂದಿನ ಸೀಟು ಬಿಡಿಸುತ್ತಿದ್ದವಳು ನಡುವಿನ ಸಾಲಿನಲ್ಲಿ ಬಂದು ನಿಂತು, ಖಾಕಿ ಅಂಗಿಯ ಗುಂಡಿಯನ್ನು ನೋಡಿಕೊಳ್ಳುತ್ತ, “ಎಲ್ಲಿಗ್ರಿ ಮೇಡಂ? ಆಧಾರ್ ತೋರಿಸ್ರಿ,” ಅಂದಳು. ಇಷ್ಟು ದಿನ ನನ್ನ ಮುಖವೇ ಅವಳಿಗೆ ಆಧಾರ್ ಕಾರ್ಡಾಗಿತ್ತು. ನಾನು ಕಾರ್ಡು ತೋರಿಸಿದೆ. ಅವಳು ಅದರಲ್ಲಿನ ಫೋಟೊ ನೋಡಿ, ನನ್ನನ್ನು ನೋಡಿ, ಬಿಟ್ಟಿ ಟಿಕೆಟ್ ಹರಿದು ಕೊಟ್ಟು ಹಿಂದಿನ ಸೀಟಿಗೆ ಹೋದಳು. ಹೊಸದುರ್ಗ ಬರುವವರೆಗೂ ನಾನು ಕಿಟಕಿಯ ಕಡೆ ತಿರುಗಿ ಅಳುತ್ತ ಕೂತಿದ್ದೆ. ಅವಳ ಮೇಲೆ ಸಿಟ್ಟು ಬರಲಿಲ್ಲ, ನಮ್ಮ ಮನೆಯ ಮೇಲೆ ಹೇಸಿಗೆ ಬಂತು.

ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ಅವಳ ಜಾಗಕ್ಕೆ ತಾವು ಬಂದಿರುವುದರಿಂದ ಅವಳ ಕೆಲಸಗಳನ್ನೂ ತಾವೇ ವಹಿಸಿಕೊಳ್ಳಬೇಕು. ನಾನು ಹತ್ತಿದ ಕೂಡಲೇ ನಿನ್ನೆ ಯಾರು ಬಸ್ಸಿನಲ್ಲಿ ಜಗಳಾಡಿದರೆಂದು ಹೇಳಬೇಕು, ಮತ್ತು ಕಥೆಯನ್ನು ಅರ್ಧಕ್ಕೆ ನಿಲ್ಲಿಸುವ ಜಾಣತನ ತಮಗಿರಬೇಕು. ನಾನು ಗಂಡನ ಬಗ್ಗೆ ದೂರಿದಾಗ “ಎಲ್ಲರ ಮನ್ಯಾಗೂ ಅಷ್ಟೇ ಬಿಡಕ್ಕಾ” ಎನ್ನಬೇಕು. ಹಾಗೆಂದು ಅದನ್ನು ಗಂಡನಿಗೆ ಹೇಳಬಾರದು. ನಡುವೆ, ಇಟ್ಟಿಗೆ ಗೂಡಿನ ದಾರಿಯಲ್ಲಿ ಇದ್ದಂಥದೇ ಒಂದು ಹುಣಸೆಮರ ತರಿಸಿ, ಅದರ ಕೆಳಗೆ ಬಿದ್ದ ಹಣ್ಣನ್ನು ಹೆಕ್ಕಿ ನನ್ನ ಸೆರಗಿಗೆ ಹಾಕಬೇಕು. ನನ್ನ ಮಂಡಿ ನೋಯುತ್ತಿದೆ ಎಂದು ನಾನು ಹೇಳುವ ಮೊದಲೇ ತಿಳಿದು ಹೆಜ್ಜೆ ನಿಧಾನ ಮಾಡಬೇಕು. ಎರಡು ದಿನ ನಾನು ಬರದಿದ್ದರೆ ತಾವು ಮುನಿಸಿಕೊಳ್ಳಬೇಕು, ಮೂರನೆಯ ದಿನ ಹುಡುಕಿಕೊಂಡು ಬರಬೇಕು. ಇಷ್ಟನ್ನು ಮಾಡುವ ಮಾಡೆಲ್ ದುರ್ಗದ ಅಂಗಡಿಯಲ್ಲಿ ಇಲ್ಲದಿದ್ದರೆ ಯಜಮಾನರು ದಾವಣಗೆರೆಯಲ್ಲಿ ವಿಚಾರಿಸಲಿ, ಖರ್ಚಿಗೆ ಅವರು ಹಿಂದೆ ನೋಡುವವರಲ್ಲ.

ಅದೂ ಆಗದಿದ್ದಲ್ಲಿ, ನಾಳೆಯಿಂದ ತಾವು ನನ್ನ ದಾರಿ ಕಾಯತಕ್ಕದ್ದಲ್ಲ. ನಾನು ಮೊದಲಿನ ಹೊತ್ತಿಗೇ ಹೊರಡುತ್ತೇನೆ. ಈ ಸಲ ರಸ್ತೆಯಲ್ಲಿ ನಿಂತು ಅವಳನ್ನು ಕಾಯುವುದಿಲ್ಲ, ಕಾಲೋನಿಯೊಳಗೆ ಹೋಗಿ ಅವಳ ಬಾಗಿಲು ತಟ್ಟುತ್ತೇನೆ. ಅವಳು ಬಾಗಿಲು ತೆಗೆಯುತ್ತಾಳೋ, “ಏನ್ ಬೇಕಿತ್ರಿ ಮೇಡಂ?” ಎಂದು ಹೊಸಿಲಲ್ಲೇ ನಿಲ್ಲಿಸುತ್ತಾಳೋ ನನಗೆ ಗೊತ್ತಿಲ್ಲ, ನಿಲ್ಲಿಸುವುದಕ್ಕೆ ಅವಳಿಗೆ ಎಲ್ಲ ಹಕ್ಕೂ ಇದೆ. ಒಳಗೆ ಕರೆದರೆ ಅವಳ ಮನೆಯ ಲೋಟದಲ್ಲಿ ಚಹಾ ಕುಡಿದು, ವಾಪಸು ಬರುವಾಗ ಇಬ್ಬರೂ ನಮ್ಮ ಪಂಪ್‌ಸೆಟ್ ಅಂಗಡಿಯ ಮುಂದೆಯೇ ಹಾದುಬರುತ್ತೇವೆ, ಆ ನಾಲ್ಕು ಜನ ಅಲ್ಲಿದ್ದರೆ ಅವರಿಗೂ ಹುಡುಕುವ ತೊಂದರೆ ತಪ್ಪುತ್ತದೆ. ಕರೆಯದಿದ್ದರೆ ನಾಡಿದ್ದು ಮತ್ತೆ ಹೋಗುತ್ತೇನೆ. ಈ ಪತ್ರವನ್ನು ತಮ್ಮ ಮುಖದ ಮೇಲೆ ಅಂಕಿ ಕಾಣದ ಹಾಗೆ ಅಂಟಿಸುತ್ತಿದ್ದೇನೆ, ಏಕೆಂದರೆ ಹೆಂಡತಿಯ ಮಾತು ಕಿವಿಗೆ ಬೀಳದ ನಮ್ಮ ಯಜಮಾನರು ಕಣ್ಣಿಟ್ಟು ನೋಡುವುದು ಅದೊಂದನ್ನೇ.

ಇಂತಿ, ಒಂದು ಹೆಜ್ಜೆಯೂ ಮುಂದೆ ಹೋಗದೆ ಇಷ್ಟು ದಿನ ತಮ್ಮ ಜೊತೆ ನಡೆದ,
ತಮ್ಮ ವಿಶ್ವಾಸಿ,
ಯಶೋದಾ ರಂಗೇಶ್

ವಿ.ಸೂ.: ತಾವು ಈಗ ನಿಂತಿರುವ ಜಾಗದಲ್ಲಿ ಮೊದಲು ಒಂದು ಬೆತ್ತದ ಕುರ್ಚಿ ಇತ್ತು. ಅಂದು ಸುಮಿತ್ರಾ ಚಹಾ ಕುಡಿಯಲು ಕುಳಿತದ್ದು ಅದರ ಮೇಲೆ. ಅವಳು ಎದ್ದುಹೋದ ಸಂಜೆಯೇ ಅದಕ್ಕೆ ಗೆದ್ದಲು ಹಿಡಿದಿದೆ ಎಂದು ಹಿತ್ತಲಿಗೆ ಹಾಕಿದರು. ನಾನು ಹೋಗಿ ತಿರುಗಿಸಿ ಮುರುಗಿಸಿ ನೋಡಿದೆ, ಗೆದ್ದಲು ಕುರ್ಚಿಯಲ್ಲಿಲ್ಲ. ಅದನ್ನು ತೊಳೆದು ಒಣಗಿಸಿದ್ದೇನೆ, ಅವಳು ಬರುವ ದಿನ ಒಳಗೆ ತರುತ್ತೇನೆ. ಆಗ ತಾವು ದಯವಿಟ್ಟು ಸ್ವಲ್ಪ ಆಚೆ ಜರುಗಿಕೊಳ್ಳಬೇಕು. ಮನೆಮಂದಿಯನ್ನೆಲ್ಲ ಇಷ್ಟು ನಡೆಸಿದ ತಾವು ನಾಲ್ಕು ಹೆಜ್ಜೆ ನಡೆದರೆ ಸವೆದುಹೋಗುವುದಿಲ್ಲ.